ಚಿತ್ರಗಾರನಾದ ಆಲ್ಬ್ರೆಕ್ಟ್ ಡ್ಯೂರರನ ಚರಿತ್ರೆ

ಜರ್ಮನಿ ದೇಶದ ನ್ಯೂರೆಂಬರ್ಗ್ ಪಟ್ಟಣದಲ್ಲಿ 1471ನೆಯ ಇಸವಿ ಮೇ 21ರಂದು ಒಬ್ಬ ಅಕ್ಕಸಾಲಿಗನ ಮನೆಯಲ್ಲಿ ಆಲ್ಬ್ರೆಕ್ಟ್ ಡ್ಯೂರರನು ಹುಟ್ಟಿದನು. ಅವನ ತಾಯಿ 18 ಮಕ್ಕಳನ್ನು ಹೆತ್ತಳು. ಅವರಲ್ಲಿ ಬಹುಮಂದಿ ಎಳೆತನದಲ್ಲಿಯೇ ತೀರಿಹೋದರು. ಅವನ ದೀಕ್ಷಾಸ್ನಾನದಲ್ಲಿ ಸಾಕ್ಷಿಯಾಗಿ ನಿಂತವನು ಹೆಸರಾಂತ ಮುದ್ರಕನಾದ ಆಂಟನ್ ಕೋಬರ್ಗರನು. ಬಾಲಕನು ತಂದೆಯ ಬಳಿ ಲೋಹದ ಮೇಲೆ ಉಳಿ ನಡಿಸುವದನ್ನು ಕಲಿತು, 1486ರಲ್ಲಿ ವೋಲ್ಗೆಮೂಟನೆಂಬ ಚಿತ್ರಗಾರನಿಗೆ ಶಿಷ್ಯನಾದನು.

ಬಣ್ಣದ ಪಟವು ಒಂದೇ ಅರಮನೆಗೆ ಇಲ್ಲವೆ ಒಂದೇ ಗುಡಿಗೆ ಸೇರುತ್ತದೆ. ಅಚ್ಚಿನ ಚಿತ್ರವಾದರೋ ನೂರಾರು ಮನೆಗಳನ್ನು ಹೊಗುತ್ತದೆ. ಮರದ ಹಲಗೆಯಲ್ಲಿ ಗೆರೆಗಳನ್ನು ಉಳಿಸಿ ಮಿಕ್ಕದ್ದನ್ನು ಕೊರೆದು ತೆಗೆದು, ಉಬ್ಬಿದ ಗೆರೆಗೆ ಮಸಿ ಬಳಿದು ಒತ್ತುವರು. ತಾಮ್ರದ ತಗಡಿನಲ್ಲಿ ಕ್ರಮವು ಇದಕ್ಕೆ ವಿರುದ್ಧ: ಕೊರೆದ ಕುಳಿಯಲ್ಲಿಯೇ ಮಸಿ ನಿಲ್ಲುವದು, ಒದ್ದೆಮಾಡಿದ ಕಾಗದವನ್ನು ಯಂತ್ರದಲ್ಲಿ ಬಲವಾಗಿ ಒತ್ತಿದರೆ ಅದು ಮಸಿಯನ್ನು ಎತ್ತಿಕೊಳ್ಳುವದು. ಹಲಗೆಗಳನ್ನು ಡ್ಯೂರರನೇ ಕೊರೆದನೋ ಕೆತ್ತುವ ಕೆಲಸಗಾರರು ಕೊರೆದರೋ ಎಂದು ಪಂಡಿತರು ಇಂದಿಗೂ ವಾದಿಸುತ್ತಾರೆ. ತಾಮ್ರದಲ್ಲಿ ಮಾತ್ರ ಅವನ ಕೈಯೇ ಕಾಣುತ್ತದೆ.

1498ರಲ್ಲಿ ಅವನು ಯೋಹಾನನ ಪ್ರಕಟನೆಯನ್ನು 15 ದೊಡ್ಡ ಮರದಚ್ಚಿನ ಚಿತ್ರಗಳೊಡನೆ ಜರ್ಮನ್ ಭಾಷೆಯಲ್ಲಿಯೂ ಲತೀನಿನಲ್ಲಿಯೂ ತಾನೇ ಪ್ರಕಟಿಸಿದನು. ಅಕ್ಷರವರಿಯದವರು ಸಹ ನಾಲ್ವರು ಸವಾರರು ಜನರನ್ನು ತುಳಿಯುತ್ತಾ ಬರುವದನ್ನು ಕಂಡರು. ಹೆಂಡತಿಯಾದ ಆಗ್ನೆಸಳು ಚಿತ್ರಗಳನ್ನು ಫ್ರಾಂಕ್‌ಫರ್ಟಿನ ಜಾತ್ರೆಗೆ ಒಯ್ದು ಮಾರಿದಳು. ಕೀರ್ತಿಯೊಂದಿಗೆ ಕಳ್ಳರೂ ಬಂದರು. ಇಟಲಿಯ ಮಾರ್ಕಾಂಟೋನಿಯೋ ರೈಮೊಂಡಿ ಎಂಬವನು ಮರಿಯಳ ಜೀವನದ ಚಿತ್ರಗಳನ್ನು ಡ್ಯೂರರನ ಹೆಸರಿನ ಗುರುತನ್ನೂ ಬಿಡದೆ ನಕಲುಮಾಡಿದನು. ಆದಕಾರಣ 1511ರ ಪುಸ್ತಕದಲ್ಲಿ ಡ್ಯೂರರನು ಚಕ್ರವರ್ತಿಯ ಅಪ್ಪಣೆಯನ್ನು ತಿಳಿಸಿ ಅಂಥವರನ್ನು ಎಚ್ಚರಿಸಬೇಕಾಯಿತು.

ಇಷ್ಟೆಲ್ಲಾ ಇದ್ದರೂ ಅವನ ಮನಸ್ಸಿಗೆ ಸಮಾಧಾನವಿರಲಿಲ್ಲ. ಮಾರ್ಟಿನ್ ಲೂಥರನ ಬರಹಗಳು ತನ್ನನ್ನು ಮಹಾ ಕಳವಳದಿಂದ ಬಿಡಿಸಿದವೆಂದು ಅವನು 1520ರಲ್ಲಿ ಸ್ಪಾಲಟೀನನಿಗೆ ಪತ್ರ ಬರೆದನು. ದೇವರು ಲೂಥರನನ್ನು ನೋಡಮಾಡಿದರೆ ಅವನ ಮುಖವನ್ನು ತಾಮ್ರದಲ್ಲಿ ಕೊರೆದು ಬಹುಕಾಲದ ಜ್ಞಾಪಕಕ್ಕಾಗಿ ಉಳಿಸುವೆನೆಂದೂ ತಿಳಿಸಿದನು. ಮರುವರುಷ ಆಂಟ್‌ವರ್ಪ್ ಪಟ್ಟಣದಲ್ಲಿರುವಾಗ ಲೂಥರನನ್ನು ಹಿಡಿದೊಯ್ದರೆಂಬ ಸುದ್ದಿ ಮುಟ್ಟಿತು. ಅವನು ಬದುಕಿದ್ದಾನೋ ಕೊಲ್ಲಲ್ಪಟ್ಟನೋ ಅರಿಯದೆ ಡ್ಯೂರರನು ತನ್ನ ದಿನಚರಿಯಲ್ಲಿ ಗೋಳಾಡಿದನು. ಲೂಥರನಾದರೋ ಸ್ನೇಹಿತರ ಉಪಾಯದಿಂದ ವಾರ್ಟ್‌ಬರ್ಗ್ ಕೋಟೆಯಲ್ಲಿ ಕ್ಷೇಮವಾಗಿದ್ದನು. ಅಲ್ಲಿಯೇ ಹೊಸ ಒಡಂಬಡಿಕೆಯನ್ನು ಜನರ ಭಾಷೆಗೆ ತಿರುಗಿಸಿದನು.

1525ರಲ್ಲಿ ನ್ಯೂರೆಂಬರ್ಗ್ ಪಟ್ಟಣವು ಸುವಾರ್ತಾ ಬೋಧನೆಯನ್ನು ಅಂಗೀಕರಿಸಿತು. ಮರುವರುಷ ಡ್ಯೂರರನು ಲೂಥರನ ಜತೆಕೆಲಸದವನಾದ ಮೆಲಾಂಕ್ಥನನ ಮುಖವನ್ನೂ ಪಂಡಿತನಾದ ಎರಾಸ್ಮಸನ ಮುಖವನ್ನೂ ತಾಮ್ರದಲ್ಲಿ ಕೊರೆದನು. ಬಹುದಿನದ ರೋಗದಿಂದ ಬಳಲಿ 1528ನೆಯ ಇಸವಿ ಏಪ್ರಿಲ್ 6ರಂದು ತೀರಿಕೊಂಡನು.

ಆ ಹಾಳೆಗಳನ್ನು ಅಭ್ಯಾಸಮಾಡುವವರು ಕಾಗದವನ್ನು ಬೆಳಕಿಗೆ ಹಿಡಿದು ಅದರೊಳಗಿನ ಗುರುತನ್ನೂ, ಹಲಗೆಯ ಅಂಚು ಒಡೆದದ್ದನ್ನೂ, ತಗಡಿನ ಗೆರೆ ಸವೆದದ್ದನ್ನೂ ನೋಡಿ, ಯಾವದು ಮೊದಲು ಒತ್ತಿದ ಪ್ರತಿಯೆಂದು ನಿರ್ಣಯಿಸುತ್ತಾರೆ. ವಿಯೆನ್ನಾ ಪಟ್ಟಣದಲ್ಲಿ ಚಕ್ರವರ್ತಿಯ ಚಿತ್ರಭಂಡಾರವನ್ನು ಕಾಯುತ್ತಿದ್ದ ಆಡಮ್ ಬಾರ್ಟ್ಷನು 1803ರಿಂದ 1821ರ ವರೆಗೆ 21 ಸಂಪುಟಗಳಲ್ಲಿ ಇಂಥ ಅಚ್ಚಿನ ಚಿತ್ರಗಳ ಪಟ್ಟಿಯನ್ನು ಬರೆದನು. ಅವನು ಕೊಟ್ಟ ಅಂಕೆಗಳು ಇಂದಿಗೂ ಬಳಕೆಯಲ್ಲಿವೆ. ಡ್ಯೂರರನ ತಾಮ್ರದ ಕೆಲಸಗಳೊಳಗೆ ಮೆಲಾಂಕ್ಥನನಿಗೆ 105, ಎರಾಸ್ಮಸನಿಗೆ 107. ಲೂಥರನಿಗೆ ಅಲ್ಲಿ ಅಂಕೆಯಿಲ್ಲ.