ಮಿದುಳಿನ ಕಾವಲುಪಡೆಯನ್ನು ಕಂಡ ಮಹನೀಯ: ಪಿಯೋ ದೆಲ್ ರಿಯೋ ಓರ್ತೇಗ

ದೇಹವನ್ನು ಒಂಬತ್ತು ಬಾಗಿಲುಗಳ ಪುರವೆಂದು ಬಣ್ಣಿಸುವುದು ನಮ್ಮ ಹಿರಿಯರ ವಾಡಿಕೆ. ಆ ಪುರಕ್ಕೆ ಹುಟ್ಟಿನೊಡನೆಯೇ ಬಂದ ಕಾವಲುಪಡೆಯೊಂದುಂಟು. ಹಿಂದೆಂದೂ ಕಾಣದ ರೋಗಾಣುವನ್ನೂ ತತ್‌ಕ್ಷಣವೇ ಎದುರಿಸುವ ಈ ಪಡೆಗೆ ಜನ್ಮಜಾತ ರೋಗನಿರೋಧಕ ವ್ಯವಸ್ಥೆಯೆಂದು ಹೆಸರು. ರಷ್ಯಾ ಸಾಮ್ರಾಜ್ಯದಲ್ಲಿ ಹುಟ್ಟಿದ ವಿಜ್ಞಾನಿ ಮೆಚ್ನಿಕಾಫರು 1882ರಲ್ಲಿ ಇಟಲಿಯ ಮೆಸ್ಸೀನದಲ್ಲಿ ನಕ್ಷತ್ರಮೀನಿನ ಮರಿಗೆ ಮುಳ್ಳು ಚುಚ್ಚಿ, ಅದರ ಸುತ್ತ ಭಕ್ಷಕ ಕೋಶಗಳು ಮುತ್ತುವುದನ್ನು ಕಂಡು ಈ ಪಡೆಯ ಇರವನ್ನು ಲೋಕಕ್ಕೆ ತಿಳಿಸಿದರು. ಅದೇ ವರ್ಷದ ಮೇ 5ರಂದು ಸ್ಪೇನ್ ದೇಶದ ಪೋರ್ತೀಯೊ ಎಂಬ ಊರಿನಲ್ಲಿ ಜನಿಸಿದ ಪಿಯೋ ದೆಲ್ ರಿಯೋ ಓರ್ತೇಗರು, ಆ ಪಡೆಯ ದಳವೊಂದು ಮಿದುಳಿನೊಳಗೂ ಬೀಡುಬಿಟ್ಟಿರುವುದನ್ನು ಮುಂದೆ ತೋರಿಸಿಕೊಟ್ಟರು.

1905ರಲ್ಲಿ ವೈದ್ಯಪದವಿ ಪಡೆದ ಓರ್ತೇಗರು ಕೆಲಕಾಲ ಹುಟ್ಟೂರಿನಲ್ಲಿಯೇ ವೈದ್ಯವೃತ್ತಿ ನಡೆಸಿದರು. ಆದರೆ ಅವರ ಮನಸ್ಸು ಸೂಕ್ಷ್ಮದರ್ಶಕದಲ್ಲಿ ನೆಟ್ಟಿತ್ತು. ಮ್ಯಾಡ್ರಿಡ್ ನಗರಕ್ಕೆ ಹೋಗಿ ಅಚೂಕರೊ ಎಂಬ ವಿದ್ವಾಂಸರಲ್ಲಿ ಶಿಷ್ಯವೃತ್ತಿ ಕೈಕೊಂಡರು. 1918ರಲ್ಲಿ ಆ ಗುರುಗಳು ಅಕಾಲಮರಣಕ್ಕೆ ತುತ್ತಾದರು. ಅವರೆಲ್ಲರಿಗೂ ಹಿರಿಯ ಆಚಾರ್ಯರಾಗಿದ್ದವರು, 1906ರ ನೊಬೆಲ್ ಪಾರಿತೋಷಕದಿಂದ ಜಗದ್ವಿಖ್ಯಾತರಾದ ರಾಮೋನ್ ಇ ಕಹಾಲರು.

ಮಿದುಳಿನಲ್ಲಿ ನರಕೋಶಗಳೂ, ಅವನ್ನು ಪೋಷಿಸುವ ನಕ್ಷತ್ರಾಕಾರದ ಕೋಶಗಳೂ ಇವೆಯೆಂಬುದು ಆಗಲೇ ತಿಳಿದಿತ್ತು. ಇವೆರಡಕ್ಕೂ ಸೇರದ ಸಣ್ಣ ಕೋಶಗಳನ್ನು ಕಹಾಲರು ಮೂರನೆಯ ಘಟಕವೆಂದು ಕರೆದಿದ್ದರು. ಅವರ ವರ್ಣಲೇಪನ ಕ್ರಮದಲ್ಲಿ ಅವುಗಳ ಕವಲುಗಳು ಬಣ್ಣ ಹಿಡಿಯುತ್ತಿರಲಿಲ್ಲವಾದ್ದರಿಂದ ಅವು ಕವಲಿಲ್ಲದ ಕೋಶಗಳೆಂದೇ ತೋರಿದವು. ಓರ್ತೇಗರು ಬೆಳ್ಳಿಯ ಕಾರ್ಬೊನೇಟಿನಿಂದ ಹೊಸ ಲೇಪನಕ್ರಮವೊಂದನ್ನು ಸಿದ್ಧಪಡಿಸಿದರು. ಮರೆಯಾಗಿದ್ದ ಸೂಕ್ಷ್ಮ ಕವಲುಗಳೆಲ್ಲ ಮೂಡಿಬಂದವು. ಒಂದೆಂದು ಭಾವಿಸಿದ್ದುದು ಎರಡು ಬಗೆಯದೆಂದು ಸ್ಪಷ್ಟವಾಯಿತು. 1919ರಲ್ಲಿ ಅವುಗಳಲ್ಲೊಂದಕ್ಕೆ ಅವರು ಮೈಕ್ರೊಗ್ಲಿಯ ಎಂದು ನಾಮಕರಣ ಮಾಡಿದರು. ನವಜಾತ ಜೀವಿಯ ಮಿದುಳಿನಲ್ಲಿ ದುಂಡಗಿದ್ದು ಸಂಚರಿಸುವುದು, ಬೆಳೆದಂತೆ ಕವಲೊಡೆದು ನೆಲೆನಿಲ್ಲುವುದು, ಗಾಯವಾದಾಗ ಕವಲುಗಳನ್ನು ಹಿಂತೆಗೆದು ಕಸವನ್ನು ನುಂಗುವುದು, ಇವೆಲ್ಲವನ್ನೂ ಅವರು ವರ್ಣಿಸಿದರು. ಈ ಕೋಶಗಳು ನರಕೋಶಗಳ ಕುಲದವಲ್ಲ, ಹೊರಗಿನಿಂದ ಬಂದು ನೆಲಸಿದವು ಎಂಬುದು ಅವರ ಸಿದ್ಧಾಂತ.

ತಮ್ಮ ಮತಕ್ಕೆ ಭಿನ್ನವಾದ ಈ ವಿಚಾರವನ್ನು ಕಹಾಲರು ಮೊದಲಿಗೆ ಪೂರ್ಣವಾಗಿ ಒಪ್ಪಲಿಲ್ಲ. ಪ್ರಯೋಗಶಾಲೆಯೊಳಗಿನ ಮನಸ್ತಾಪಗಳೂ ಚಾಡಿಮಾತುಗಳೂ ಅದಕ್ಕೆ ಕೂಡಿದವು. 1920ರಲ್ಲಿ ಓರ್ತೇಗರು ಗುರುವಿನ ಪ್ರಯೋಗಶಾಲೆಯಿಂದ ಹೊರನಡೆಯಬೇಕಾಯಿತು. ಆದರೂ ಅವರ ಕಾರ್ಯ ನಿಲ್ಲಲಿಲ್ಲ. ವಿದ್ಯಾರ್ಥಿನಿಲಯವೊಂದರಲ್ಲಿ ದೊರೆತ ಚಿಕ್ಕ ಪ್ರಯೋಗಶಾಲೆಯಲ್ಲಿ ಕುಳಿತು 1921ರಲ್ಲಿ ಆ ಎರಡನೆಯ ಬಗೆಯ ಕೋಶವನ್ನೂ ಖಚಿತಪಡಿಸಿದರು. ಮುಂದೆ ಮಿದುಳಿನ ಶಸ್ತ್ರವೈದ್ಯದಲ್ಲಿ ಕೀರ್ತಿವಂತರಾದ ಪೆನ್‌ಫೀಲ್ಡರು 1924ರಲ್ಲಿ ಸಾಗರವನ್ನು ದಾಟಿ ಬಂದು ಅವರಿಂದ ಈ ವಿದ್ಯೆಯನ್ನು ಕಲಿತರು. ಕಾಲಾನಂತರದಲ್ಲಿ ಕಹಾಲರೂ ಮೈಕ್ರೊಗ್ಲಿಯವನ್ನು ಅಂಗೀಕರಿಸಿದರು.

1936ರ ಅಂತರ್ಯುದ್ಧವು ಓರ್ತೇಗರನ್ನು ದೇಶಭ್ರಷ್ಟರನ್ನಾಗಿಸಿತು. ಪ್ಯಾರಿಸ್, ಆಕ್ಸ್‌ಫರ್ಡ್‌ಗಳಲ್ಲಿದ್ದು 1940ರಲ್ಲಿ ಅರ್ಜೆಂಟೀನದ ಬ್ಯೂನಸ್ ಐರಿಸ್ ಸೇರಿದರು. 1945ರ ಜೂನ್ 1ರಂದು ಅಲ್ಲಿಯೇ ಅರ್ಬುದರೋಗದಿಂದ ನಿಧನ ಹೊಂದಿದರು. ನೊಬೆಲ್ ಪಾರಿತೋಷಕಕ್ಕೆ ಹೆಸರು ಸೂಚಿತವಾಗಿದ್ದರೂ ಅದು ಅವರಿಗೆ ಲಭಿಸಲಿಲ್ಲ. 1986ರಲ್ಲಿ ಅವರ ಅಸ್ಥಿಗಳು ತಾಯ್ನಾಡಿನ ವಾಯದೋಲಿದ್ ನಗರಕ್ಕೆ ಮರಳಿದವು. ಅದೇ ವರ್ಷ, ಗುರುಗಳೂ ನಾನೂ ಎಂಬರ್ಥದ ಹೆಸರಿನಲ್ಲಿ ಅವರ ಸ್ಮೃತಿಗ್ರಂಥ ಪ್ರಕಟವಾಯಿತು.

ಅವರು ಬಿತ್ತಿದ ಬೀಜ ಇಂದು ಹೆಮ್ಮರವಾಗಿದೆ. ಮೈಕ್ರೊಗ್ಲಿಯದ ಮೂಲ ಭ್ರೂಣಕ್ಕೆ ಹೊಂದಿಕೊಂಡ ಹಳದಿಚೀಲದಲ್ಲಿದೆಯೆಂದು ಇಲಿಗಳ ಮೇಲಿನ 2010ರ ಸಂಶೋಧನೆ ತಿಳಿಸಿ, ಅವು ಹೊರಗಿನಿಂದ ಬಂದವೆಂಬ ಓರ್ತೇಗರ ಮಾತನ್ನು ಸಮರ್ಥಿಸಿತು. ಎಳೆಯ ಮಿದುಳಿನಲ್ಲಿ ನರಕೋಶಗಳ ನಡುವಣ ಸಂಧಿಗಳು ಅಗತ್ಯಕ್ಕಿಂತ ಹೆಚ್ಚಾಗಿ ಹುಟ್ಟುತ್ತವೆ. ರೋಗಾಣುಗಳಿಗೆ ಗುರುತು ಹಚ್ಚುವ ರಕ್ತದ ಪ್ರೋಟೀನುಗಳೇ ಬೇಡವಾದ ಸಂಧಿಗಳಿಗೂ ಗುರುತು ಹಚ್ಚುತ್ತವೆಯೆಂದೂ, ಮೈಕ್ರೊಗ್ಲಿಯಗಳು ಅವನ್ನು ನುಂಗುತ್ತವೆಯೆಂದೂ 2007 ಮತ್ತು 2012ರ ಸಂಶೋಧನೆಗಳು ಇಲಿಗಳಲ್ಲಿ ತೋರಿಸಿವೆ. ತೋಟಗಾರನು ಗಿಡವನ್ನು ಸವರಿ ಬೆಳೆಸುವಂತೆ ಕಾವಲುಗಾರನೇ ಇಲ್ಲಿ ಮಿದುಳನ್ನು ರೂಪಿಸುತ್ತಾನೆ. ಈ ಸವರುವಿಕೆ ಮಿತಿಮೀರುವುದಕ್ಕೂ ಸ್ಕಿಜೊಫ್ರೀನಿಯ ಎಂಬ ಮನೋರೋಗಕ್ಕೂ ನಂಟಿರಬಹುದೆಂದು 2016ರ ಅಧ್ಯಯನವೊಂದು ಸೂಚಿಸಿತು. ಮೈಕ್ರೊಗ್ಲಿಯದ ಕಾರ್ಯಕ್ಕೆ ಬೇಕಾದ ಒಂದು ಜೀನಿನ ದೋಷವು ಮುಪ್ಪಿನ ಮರೆವಿನ ರೋಗವಾದ ಆಲ್‌ಜೈಮರ್ಸಿನ ಅಪಾಯವನ್ನು ಹೆಚ್ಚಿಸುವುದೆಂದು 2013ರಲ್ಲಿ ತಿಳಿದುಬಂದಿತು.

ಶಿಷ್ಯನಿಂದ ಸೋಲನ್ನು ಗುರುವು ಬಯಸಬೇಕೆಂಬುದು ಹಿರಿಯರ ಆಶಯ. ಆ ಸೋಲು ಗುರುವಿಗೂ ಶಿಷ್ಯನಿಗೂ ಎಷ್ಟು ನೋವಿನದೆಂಬುದಕ್ಕೆ ಓರ್ತೇಗರ ಬಾಳು ಸಾಕ್ಷಿ. ಗುರುವಿನ ಮೇಲಣ ಗೌರವವನ್ನೂ, ತಾವು ಕಂಡ ಸತ್ಯವನ್ನೂ ಅವರು ಕೊನೆಯವರೆಗೆ ಬಿಡಲಿಲ್ಲ.