ಹೆನ್ರಿ ಕೇಟರ್

ಹೆನ್ರಿ ಕೇಟರ್ (16 ಏಪ್ರಿಲ್ 1777 – 26 ಏಪ್ರಿಲ್ 1835) ಇಂಗ್ಲೆಂಡಿನ ಭೌತವಿಜ್ಞಾನಿ, ಸೇನಾಧಿಕಾರಿ ಹಾಗೂ ಉಪಕರಣ ನಿರ್ಮಾಪಕರು. ಮೈಸೂರು ಸೀಮೆಯ ತ್ರಿಕೋನ ಮಾಪನ ಕಾರ್ಯದಲ್ಲಿ ವಿಲಿಯಂ ಲ್ಯಾಂಬ್ಟನ್ ಅವರ ಸಹಾಯಕರಾಗಿದ್ದ ಇವರು, ಮುಂದೆ ಗುರುತ್ವಾಕರ್ಷಣೆಯನ್ನು ಅಳೆಯುವ ‘ಕೇಟರ್ ಲೋಲಕ’ವನ್ನು ರೂಪಿಸಿದರು. ಬ್ರಿಟಿಷರ ಇಂಚು ಮತ್ತು ಫ್ರೆಂಚರ ಮೀಟರುಗಳ ನಡುವಣ ಅನುಪಾತವನ್ನು 1818ರಲ್ಲಿ ನಿರ್ಧರಿಸಿದರು. ಆ ಅನುಪಾತ ಬಹುಮಟ್ಟಿಗೆ ಆ ಶತಮಾನವಿಡೀ ಬಳಕೆಯಲ್ಲಿತ್ತು. 1824ರ ಇಂಪೀರಿಯಲ್ ಅಳತೆ ಮತ್ತು ತೂಕಗಳ ಶಾಸನದ ಹಿಂದೆಯೂ ಇವರ ದುಡಿಮೆಯಿದೆ.

ಜನನ ಮತ್ತು ಸೇನೆಗೆ ಸೇರ್ಪಡೆ

ಕೇಟರ್ ಜನಿಸಿದ್ದು ಬ್ರಿಸ್ಟಲ್ ನಗರದಲ್ಲಿ. ತಂದೆ ಜರ್ಮನ್ ಮೂಲದವರು. ಸಕ್ಕರೆ ಶುದ್ಧೀಕರಿಸುವ ಉದ್ಯೋಗ ಅವರದು. ಮಗ ವಕೀಲನಾಗಬೇಕೆಂಬುದು ತಂದೆಯ ಇಚ್ಛೆಯಾಗಿತ್ತು. ಮಗನಿಗೆ ಒಲವಿದ್ದುದು ಗಣಿತದಲ್ಲಿ. 1794ರಲ್ಲಿ ತಂದೆ ತೀರಿಕೊಂಡ ಮೇಲೆ ಕಾನೂನಿನ ಅಭ್ಯಾಸವನ್ನು ಕೈಬಿಟ್ಟು, 12ನೆಯ ಕಾಲಾಳು ದಳದಲ್ಲಿ ಅಧಿಕಾರಿಯ ಹುದ್ದೆಯನ್ನು ಪಡೆದು ಭಾರತಕ್ಕೆ ಬಂದರು.

ಮೈಸೂರು ಸೀಮೆಯಲ್ಲಿ

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯನ್ನು ಅಳೆಯುವ ಕೆಲಸ ಎರಡು ದಿಕ್ಕುಗಳಿಂದ ಆರಂಭವಾಯಿತು. ಊರು, ಕೆರೆ, ಹೊಲ, ಗಡಿಗಳ ನಕಾಶೆಯ ಹೊಣೆ ಕಾಲಿನ್ ಮೆಕೆಂಜಿಯವರದು. ಭೂಮಿಯ ಆಕಾರವನ್ನೇ ತಿಳಿಯುವಷ್ಟು ನಿಖರವಾದ ತ್ರಿಕೋನಗಳ ಜಾಲವನ್ನು ಹೆಣೆಯುವ ಹೊಣೆ ಲ್ಯಾಂಬ್ಟನ್ ಅವರದು. ಕೇಟರ್ ಲ್ಯಾಂಬ್ಟನ್ ತಂಡವನ್ನು ಸೇರಿದ್ದು 1803ರ ಸುಮಾರಿಗೆ. ಮರುವರ್ಷ ಬೆಂಗಳೂರಿನ ಬಳಿ ಜಾನ್ ವಾರನ್ ಅವರ ಉಸ್ತುವಾರಿಯಲ್ಲಿ ಆಧಾರರೇಖೆಯನ್ನು ಅಳೆಯಲಾಯಿತು. ಅಲ್ಲಿಂದ ತ್ರಿಕೋನಗಳ ಸಾಲು ಪಶ್ಚಿಮಘಟ್ಟಗಳನ್ನು ದಾಟಿ ಮಂಗಳೂರಿನ ಕಡಲತೀರವನ್ನು ಮುಟ್ಟಿತು. ಕುಣಿಗಲ್ ತಾಲ್ಲೂಕಿನ ಪೂರ್ವಕ್ಕಿರುವ ಮಾಗಡಿ ಸೀಮೆಯ ಸಾವನದುರ್ಗವೂ ಈ ಜಾಲದ ಶಿಖರಗಳಲ್ಲಿ ಒಂದು. ಪರ್ಯಾಯದ್ವೀಪದ ಅಗಲ ಹಳೆಯ ನಕಾಶೆಗಳು ತೋರಿಸಿದ್ದಕ್ಕಿಂತ ಸುಮಾರು 40 ಮೈಲಿ ಕಡಿಮೆ ಎಂಬುದು ಆಗ ಗೊತ್ತಾಯಿತು. ಘಟ್ಟದ ಕಾಡುಗಳಲ್ಲಿ ವೀಕ್ಷಣೆಗೆ ತಕ್ಕ ಬೆಟ್ಟಗಳನ್ನು ಹುಡುಕುವ ಕಷ್ಟದ ಕೆಲಸ ಕೇಟರ್ ಪಾಲಿಗೆ ಬಂದಿತ್ತು.

ಈ ಅಳತೆಯ ಬುಡದಲ್ಲಿದ್ದುದು 100 ಅಡಿ ಉದ್ದದ ಒಂದು ಉಕ್ಕಿನ ಸರಪಳಿ. ಎರಡೂವರೆ ಅಡಿಯ 40 ಕೊಂಡಿಗಳು ಅದಕ್ಕೆ. ಬಿಸಿಲೇರಿದಂತೆ ಉಕ್ಕು ಹಿಗ್ಗುತ್ತದೆ. ಆದ್ದರಿಂದ ಸರಪಳಿಯನ್ನು ಮರದ ತೊಟ್ಟಿಗಳಲ್ಲಿ ಮಲಗಿಸಿ, ಪಕ್ಕದಲ್ಲಿ ಉಷ್ಣಮಾಪಕಗಳನ್ನಿರಿಸಿ, ಪ್ರತಿ ಸಲವೂ ತಾಪವನ್ನು ಬರೆದುಕೊಳ್ಳಬೇಕಾಗಿತ್ತು. ಸರಪಳಿಯ ಅಡಿ ನಿಜವಾಗಿ ಎಷ್ಟು ಉದ್ದ ಎಂಬ ಪ್ರಶ್ನೆಗೆ ಉತ್ತರ ಲ್ಯಾಂಬ್ಟನ್ ಬಳಿಯಿದ್ದ ಹಿತ್ತಾಳೆಯ ಅಳತೆಪಟ್ಟಿಯಲ್ಲಿತ್ತು. ಆ ಪಟ್ಟಿಯೇ ತಪ್ಪಾಗಿದ್ದರೆ ಕಡಲಿನಿಂದ ಕಡಲಿನವರೆಗಿನ ಲೆಕ್ಕವೆಲ್ಲ ಅದೇ ಪ್ರಮಾಣದಲ್ಲಿ ತಪ್ಪುತ್ತದೆ. ಕೇಟರ್ ಅವರ ಉಳಿದ ಜೀವನ ಕಳೆದದ್ದು ಬಹುಪಾಲು ಇದೇ ಪ್ರಶ್ನೆಯ ಬೆನ್ನಹಿಂದೆ.

ಊಬಿನ ಹುಲ್ಲಿನ ಆರ್ದ್ರತಾಮಾಪಕ

ಕನ್ನಡ ನಾಡಿಗೆ ಕೇಟರ್ ಅವರೊಡನಿರುವ ಅತ್ಯಂತ ಹತ್ತಿರದ ನಂಟು ಒಂದು ಹುಲ್ಲಿನದು. ದೂರದ ಬೆಟ್ಟದ ತುದಿಯನ್ನು ಥಿಯೋಡೊಲೈಟಿನಲ್ಲಿ ನೋಡುವಾಗ ಬೆಳಕಿನ ಕಿರಣ ಗಾಳಿಯಲ್ಲಿ ಬಾಗುತ್ತದೆ. ಈ ವಕ್ರೀಭವನದ ಲೆಕ್ಕಕ್ಕೆ ಗಾಳಿಯ ಸ್ಥಿತಿಯನ್ನು ಅರಿಯುವುದು ಅಗತ್ಯ. ತೇವವನ್ನು ತೋರಿಸುವ ಸಾಧನವೊಂದು ಬೇಕಾದಾಗ ಕೇಟರ್ ಮೈಸೂರು ಸೀಮೆಯ ಬಯಲಿನಲ್ಲಿ ಬೆಳೆಯುವ ಊಬಿನ ಹುಲ್ಲನ್ನು ಆರಿಸಿಕೊಂಡರು. ಇಂದು ಸಸ್ಯಶಾಸ್ತ್ರದಲ್ಲಿ ಹೆಟೆರೊಪೊಗಾನ್ ಕಾಂಟಾರ್ಟಸ್ ಎಂದು ಕರೆಯುವ ಇದು ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ಒಣ ಗುಡ್ಡಗಳಲ್ಲೂ ಧಾರಾಳವಾಗಿದೆ. ಇದರ ಊಬು ಕುರಿಯ ಉಣ್ಣೆಗೆ ಅಂಟಿ ಚರ್ಮಕ್ಕೆ ಚುಚ್ಚಿಕೊಳ್ಳುವುದರಿಂದ ಕುರಿಗಾಹಿಗಳಿಗೆ ಇದು ಚಿರಪರಿಚಿತ, ಅಷ್ಟೇನೂ ಪ್ರಿಯವಲ್ಲ.

ಊಬು ಒಣಗಿದಾಗ ಹಗ್ಗದಂತೆ ಹುರಿಗೊಳ್ಳುತ್ತದೆ; ತೇವ ತಗುಲಿದೊಡನೆ ಹುರಿ ಬಿಚ್ಚಿಕೊಂಡು ತಿರುಗುತ್ತದೆ. ಬೀಜ ಮಣ್ಣಿನೊಳಗೆ ಕೊರೆದುಕೊಂಡು ಇಳಿಯುವುದು ಹೀಗೆಯೇ. ಕೇಟರ್ ಊಬನ್ನು ಚಿಕ್ಕ ಚೌಕಟ್ಟಿನಲ್ಲಿ ಬಿಗಿದು, ಅದರ ತಿರುಗುವಿಕೆಯನ್ನು ಮುಳ್ಳೊಂದು ಸೂಚಿಸುವಂತೆ ಮಾಡಿದರು. ಇದರ ವಿವರಣೆ ಏಷಿಯಾಟಿಕ್ ರಿಸರ್ಚಸ್ ಸಂಪುಟದಲ್ಲಿ ಪ್ರಕಟವಾಯಿತು. ಹುಲ್ಲಿನ ಕನ್ನಡದ ಹೆಸರನ್ನು ಅವರು ತಮ್ಮ ಕಿವಿಗೆ ಕೇಳಿದಂತೆ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿದ್ದಾರೆ.

ಉಷ್ಣದೇಶದ ದುಡಿಮೆ ಅವರ ಆರೋಗ್ಯವನ್ನು ಕೆಡಿಸಿತು. 1806ರಲ್ಲಿ ಅವರು ಮಾಪನ ಕಾರ್ಯದಿಂದ ದೂರವಾದರು. 1808ರ ಹೊತ್ತಿಗೆ ಇಂಗ್ಲೆಂಡಿನ ಸೈನಿಕ ಕಾಲೇಜಿನಲ್ಲಿದ್ದರು. ಭಾರತದಲ್ಲಿ ಹತ್ತಿದ ಅನಾರೋಗ್ಯ ಕೊನೆಯವರೆಗೂ ಬಿಡಲಿಲ್ಲ. 1814ರಲ್ಲಿ ಅರ್ಧವೇತನದ ಮೇಲೆ ನಿವೃತ್ತರಾಗಿ ಪೂರ್ಣವಾಗಿ ವಿಜ್ಞಾನದ ಕಡೆಗೆ ತಿರುಗಿದರು.

ಕೇಟರ್ ಲೋಲಕ

ಒಂದು ಬಾರಿ ತೂಗಲು ನಿಖರವಾಗಿ ಒಂದು ಸೆಕೆಂಡು ತೆಗೆದುಕೊಳ್ಳುವ ಲೋಲಕದ ಉದ್ದ ಎಷ್ಟು? ಉದ್ದದ ಮಾನವನ್ನು ಪ್ರಕೃತಿಯಿಂದಲೇ ಪಡೆಯಬಯಸಿದವರಿಗೆ ಇದು ಮುಖ್ಯ ಪ್ರಶ್ನೆಯಾಗಿತ್ತು. ಲೋಹದ ಪಟ್ಟಿ ಕಳೆದರೂ ಸುಟ್ಟರೂ ಲೋಲಕವನ್ನು ಮತ್ತೆ ತೂಗಿಸಿ ಅಳತೆಯನ್ನು ಮರಳಿ ಪಡೆಯಬಹುದೆಂಬುದು ಅವರ ನಂಬಿಕೆ. ಆದರೆ ದಾರದ ತುದಿಗೆ ಗುಂಡು ಕಟ್ಟಿದ ಲೋಲಕದಲ್ಲಿ ಉದ್ದವನ್ನು ಎಲ್ಲಿಂದ ಎಲ್ಲಿಗೆ ಅಳೆಯಬೇಕೆಂಬುದೇ ತೊಡಕು.

ಕೇಟರ್ ಕಂಡುಕೊಂಡ ಉಪಾಯ ಬಹಳ ಸರಳ. ಹಿತ್ತಾಳೆಯ ದಂಡವೊಂದಕ್ಕೆ ಎದುರುಬದುರಾಗಿ ಎರಡು ಚೂರಿಯಂಚುಗಳನ್ನು ಜೋಡಿಸಿ, ಜರುಗಿಸಬಹುದಾದ ತೂಕಗಳನ್ನು ಅದಕ್ಕೆ ತೊಡಿಸಿದರು. ಮೊದಲು ಒಂದು ಅಂಚಿನಿಂದ ತೂಗಿಸುವುದು, ಆಮೇಲೆ ತಲೆಕೆಳಗು ಮಾಡಿ ಇನ್ನೊಂದರಿಂದ ತೂಗಿಸುವುದು. ಎರಡೂ ಬಾರಿ ಕಾಲ ಒಂದೇ ಆಗುವವರೆಗೆ ತೂಕಗಳನ್ನು ಸರಿಸಿದರೆ, ಎರಡು ಅಂಚುಗಳ ನಡುವಣ ಅಂತರವೇ ಬೇಕಾದ ಉದ್ದ. ಆ ಅಂತರವನ್ನು ಸೂಕ್ಷ್ಮದರ್ಶಕದಡಿ ಅಳೆಯಬಹುದು. 1817ರಲ್ಲಿ ಲಂಡನ್ನಿನ ಪೋರ್ಟ್‌ಲೆಂಡ್ ಪ್ಲೇಸಿನ ಮನೆಯೊಂದರಲ್ಲಿ ಈ ಪ್ರಯೋಗಗಳು ನಡೆದವು. ಅದೇ ವರ್ಷ ರಾಯಲ್ ಸೊಸೈಟಿ ಅವರಿಗೆ ಕಾಪ್ಲೆ ಪದಕವನ್ನು ನೀಡಿತು. ಮುಂದೆ, 1827ರಿಂದ 1830ರವರೆಗೆ, ಅವರು ಆ ಸಂಸ್ಥೆಯ ಖಜಾಂಚಿಯೂ ಆಗಿದ್ದರು. ದಿಕ್ಸೂಚಿಯ ಮುಳ್ಳಿಗೆ ಯಾವ ಉಕ್ಕು, ಯಾವ ಆಕಾರ ಉತ್ತಮ ಎಂಬುದರ ಮೇಲೂ ಅವರು ಸಂಶೋಧನೆ ನಡೆಸಿದ್ದರು.

ಇಂಚು ಮತ್ತು ಮೀಟರು

ಪ್ಯಾರಿಸಿನಿಂದ ತರಿಸಿದ ಪ್ಲಾಟಿನಂ ಮೀಟರುಗಳನ್ನು ಕೇಟರ್ 1818ರಲ್ಲಿ ಇಂಗ್ಲಿಷ್ ಮಾನದೊಡನೆ ಹೋಲಿಸಿದರು. ಇಲ್ಲಿನ ತೊಡಕು ತಾಪದ್ದು. ಫ್ರೆಂಚರ ಮೀಟರು ಕರಗುವ ಮಂಜಿನ ತಾಪದಲ್ಲಿ ಸರಿಯಾದುದು. ಇಂಗ್ಲಿಷರ ಗಜ 62 ಡಿಗ್ರಿ ಫ್ಯಾರನ್‌ಹೀಟಿನಲ್ಲಿ ಸರಿಯಾದುದು. ಇವೆರಡು ತಾಪಗಳ ನಡುವೆ ಒಂದು ಮೀಟರ್ ಉದ್ದದ ಹಿತ್ತಾಳೆಯ ಪಟ್ಟಿ ಸುಮಾರು 0.3 ಮಿಲಿಮೀಟರ್ ಹಿಗ್ಗುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಸಾಲದು, ಪ್ರತಿಯೊಂದು ಲೋಹದ ಹಿಗ್ಗುವಿಕೆಯನ್ನೂ ಲೆಕ್ಕಕ್ಕೆ ತರಬೇಕು. ಅವರಿಗೆ ದೊರೆತ ಬೆಲೆ: ಒಂದು ಮೀಟರಿಗೆ 39.37079 ಇಂಚು. ಇಂದು ಒಪ್ಪಿರುವ ಲೆಕ್ಕದಂತೆ ಅದು 39.370079 ಇಂಚು. ಬರೆಯುವಾಗ ಒಂದು ಸೊನ್ನೆ ಬಿಟ್ಟುಹೋಯಿತೇನೋ ಎನ್ನಿಸುವ ಈ ಹೋಲಿಕೆ ಕೇವಲ ಆಕಸ್ಮಿಕ. ವ್ಯತ್ಯಾಸ ಒಂದು ಮೀಟರಿಗೆ ಸುಮಾರು 0.018 ಮಿಲಿಮೀಟರ್, ಬಡಗಿಗೆ ಅದು ಏನೂ ಅಲ್ಲ. ಸಾವಿರ ಕಿಲೋಮೀಟರಿನ ಭೂಮಾಪನದಲ್ಲಿ ಮಾತ್ರ ಅದು ಸುಮಾರು 18 ಮೀಟರ್ ಆಗುತ್ತದೆ.

1821ರಲ್ಲಿ ಕೇಟರ್ ಬ್ರಿಟನ್ನಿನ ಬೇರೆಬೇರೆ ಪ್ರಮಾಣ ಪಟ್ಟಿಗಳನ್ನು ಒಂದರೊಡನೊಂದು ತಾಳೆ ನೋಡಿ ಫಲಿತಾಂಶವನ್ನು ಪ್ರಕಟಿಸಿದರು. ಲ್ಯಾಂಬ್ಟನ್ ಭಾರತದಲ್ಲಿ ಬಳಸಿದ್ದ ಅಳತೆಪಟ್ಟಿಯೂ ಅವುಗಳಲ್ಲಿ ಸೇರಿತ್ತು. ಒಂದೇ ಹೆಸರಿನ ಅಡಿಗಳು ಒಂದೇ ಉದ್ದದವಲ್ಲವೆಂಬುದು ಆಗ ಅಂಕಿಗಳಲ್ಲಿ ಕಾಣಿಸಿತು.

1824ರ ಶಾಸನ ಮತ್ತು ಬೆಂಕಿ

ಅಳತೆ ಮತ್ತು ತೂಕಗಳ ಸುಧಾರಣೆಗಾಗಿ ನೇಮಕವಾದ ಆಯೋಗದಲ್ಲಿ ಥಾಮಸ್ ಯಂಗ್, ವೊಲಾಸ್ಟನ್ ಮೊದಲಾದವರೊಡನೆ ಕೇಟರ್ ಕೂಡ ಇದ್ದರು. ಆಯೋಗದ ಶಿಫಾರಸಿನಂತೆ ಬಂದ 1824ರ ಶಾಸನವು 1760ರಲ್ಲಿ ಜಾನ್ ಬರ್ಡ್ ತಯಾರಿಸಿದ್ದ ಹಿತ್ತಾಳೆಯ ಗಜವನ್ನು ಇಂಪೀರಿಯಲ್ ಗಜವೆಂದು ಘೋಷಿಸಿತು. ಅದು ಎಂದಾದರೂ ನಾಶವಾದರೆ, ಸೆಕೆಂಡು ಲೋಲಕದ ಉದ್ದ 39.1393 ಇಂಚು ಎಂಬ ಕೇಟರ್ ಅಂಕಿಯಿಂದ ಅದನ್ನು ಮತ್ತೆ ರಚಿಸಬೇಕೆಂದೂ ವಿಧಿಸಿತು. ಹೊಸ ಪೌಂಡು, ಗ್ಯಾಲನ್, ಬುಷೆಲ್‌ಗಳ ಪ್ರಮಾಣ ಪ್ರತಿಗಳನ್ನು ಸರಿಹೊಂದಿಸುವ ಕೆಲಸವನ್ನೂ ಕೇಟರ್ ನಿರ್ವಹಿಸಿದರು. 80 ಪೌಂಡು ನೀರು ಹಿಡಿಯುವ ಬುಷೆಲನ್ನು ತೂಗಲು ಮಹಾಗನಿ ಮರದ ದಂಡವಿರುವ ತಕ್ಕಡಿ ಬಳಕೆಯಾಯಿತು.

ಆದರೆ ಲೋಲಕದ ಮೇಲಿನ ನಂಬಿಕೆ ಬೇಗನೆ ಸಡಿಲವಾಯಿತು. ಲೋಲಕ ತೂಗುವಾಗ ಸುತ್ತಲಿನ ಗಾಳಿಯ ಒಂದು ಭಾಗವೂ ಅದರೊಡನೆ ಚಲಿಸುತ್ತದೆ, ಆದ್ದರಿಂದ ಗಾಳಿಗಾಗಿ ಮಾಡುತ್ತಿದ್ದ ತಿದ್ದುಪಡಿ ಸಾಲದು ಎಂದು ಜರ್ಮನಿಯ ಬೆಸೆಲ್ 1828ರಲ್ಲಿ ತೋರಿಸಿದರು. ಕೇಟರ್ ಕೂಡ ಸುಮ್ಮನೆ ಕೂರಲಿಲ್ಲ. ಪಟ್ಟಿ ದಪ್ಪವಾಗಿದ್ದರೆ ಅದು ಕೊಂಚ ಬಾಗಿದರೂ ಮೇಲ್ಮೈಯ ಗೆರೆಗಳ ಅಂತರ ಬದಲಾಗುತ್ತದೆ ಎಂದು 1830ರಲ್ಲಿ ವಿವರಿಸಿದರು. ಅಂದರೆ ತಾವೇ ಬಳಸಿದ್ದ ಬಗೆಯ ಪಟ್ಟಿಗಳ ದೋಷವನ್ನು ತಾವೇ ಹೊರಗೆಳೆದರು. ಅವರ ಪ್ರಾಮಾಣಿಕತೆಗೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

1834ರ ಅಕ್ಟೋಬರ್ 16ರಂದು ಲಂಡನ್ನಿನ ಪಾರ್ಲಿಮೆಂಟ್ ಭವನಕ್ಕೆ ಬೆಂಕಿ ಬಿದ್ದು, ಅಲ್ಲಿರಿಸಿದ್ದ ಇಂಪೀರಿಯಲ್ ಗಜ ಹಾಳಾಯಿತು. ಶಾಸನ ಮೊದಲೇ ಊಹಿಸಿದ್ದ ದಿನ ಬಂದಿತ್ತು. ಆರು ತಿಂಗಳ ಬಳಿಕ, 1835ರ ಏಪ್ರಿಲ್ 26ರಂದು, ಕೇಟರ್ ಲಂಡನ್ನಿನಲ್ಲಿ ನಿಧನರಾದರು. ಆನಂತರ ನೇಮಕವಾದ ಆಯೋಗ ಲೋಲಕದಿಂದ ಗಜವನ್ನು ಮರಳಿ ಪಡೆಯುವ ದಾರಿಯನ್ನು 1841ರಲ್ಲಿ ತಿರಸ್ಕರಿಸಿತು. ಮೊದಲೇ ಹೋಲಿಸಿ ಇಟ್ಟಿದ್ದ ಪ್ರತಿಗಳ ನೆರವಿನಿಂದ ಹೊಸ ಗಜವನ್ನು ನಿರ್ಮಿಸಲಾಯಿತು. ಆ ಪ್ರತಿಗಳಲ್ಲಿ ಕೇಟರ್ ರಾಯಲ್ ಸೊಸೈಟಿಗಾಗಿ ಸಿದ್ಧಪಡಿಸಿದ್ದ ಅಳತೆಪಟ್ಟಿಯೂ ಒಂದು.

ನಂತರದ ದಿನಗಳು

1959ರಲ್ಲಿ ಇಂಗ್ಲಿಷ್ ಮಾತನಾಡುವ ಪ್ರಮುಖ ದೇಶಗಳು ಒಂದು ಇಂಚು ಎಂದರೆ ಸರಿಯಾಗಿ 25.4 ಮಿಲಿಮೀಟರ್ ಎಂದು ಒಪ್ಪಿಕೊಂಡವು. ಭಾರತದಲ್ಲಿ 1956ರ ಶಾಸನ ಮೆಟ್ರಿಕ್ ಪದ್ಧತಿಯನ್ನು ಸ್ವೀಕರಿಸಿತು. 1958ರ ಅಕ್ಟೋಬರಿನಿಂದ ಅದು ಹಂತಹಂತವಾಗಿ ಜಾರಿಗೆ ಬಂತು. ಸೇರು, ಮಣ, ಕೊಳಗ, ಖಂಡುಗಗಳು ಹಿಂದೆ ಸರಿದವು. ಅಡಿ, ಇಂಚುಗಳು ಅಷ್ಟು ಸುಲಭವಾಗಿ ಸರಿಯಲಿಲ್ಲ. ಕುಣಿಗಲ್ಲಿನ ರೈತನ ಪಹಣಿಯಲ್ಲಿ ಇಂದಿಗೂ ಎಕರೆ-ಗುಂಟೆಗಳೇ ಇವೆ. ಒಂದು ಗುಂಟೆ ಎಂದರೆ 33 ಅಡಿಗೆ 33 ಅಡಿ, ಅಂದರೆ 1089 ಚದರಡಿ. ಅಂಥ 40 ಗುಂಟೆಗೆ ಒಂದು ಎಕರೆ. ಮನೆ ನಿವೇಶನವನ್ನು ಕೇಳುವವರೂ ಮೂವತ್ತು-ನಲವತ್ತು ಎಂದು ಅಡಿಯಲ್ಲೇ ಕೇಳುತ್ತಾರೆ.

ಎರಡು ಪದ್ಧತಿಗಳ ಸಹವಾಸ ಹೆಚ್ಚು ಕಣ್ಣಿಗೆ ಬೀಳುವುದು ಗ್ಯಾರೇಜುಗಳಲ್ಲಿ, ಮನೆಯಲ್ಲೇ ಸ್ಕೂಟರು-ಪಂಪುಸೆಟ್ಟು ಬಿಚ್ಚುವವರ ಸ್ಪ್ಯಾನರ್ ಪೆಟ್ಟಿಗೆಗಳಲ್ಲಿ. ಹಳೆಯ ಜೀಪಿನ ಅರ್ಧ ಇಂಚಿನ ಬೋಲ್ಟು ತಲೆಯ ಅಗಲ 12.7 ಮಿಲಿಮೀಟರ್. 12ರ ಸ್ಪ್ಯಾನರ್ ಅದಕ್ಕೆ ಹಿಡಿಯದು. 13ರದು ಸಡಿಲವಾಗಿ ಕೂತು, ಬಲ ಹಾಕಿದರೆ ಮೂಲೆಗಳನ್ನು ಸವೆಸಿಬಿಡುತ್ತದೆ. ಮುಕ್ಕಾಲು ಇಂಚಿಗೆ (19.05 ಮಿ.ಮೀ.) ಮಾತ್ರ 19ರದು ನಡೆಯುತ್ತದೆ. ಮಿಲಿಮೀಟರ್ ಸಾಕೆಟ್ ಸೆಟ್ಟಿನಲ್ಲಿಯೂ ಹಿಡಿಕೆ ಸೇರುವ ಚೌಕದ ತೂತು ಅರ್ಧ ಇಂಚಿನದೇ ಆಗಿರುತ್ತದೆ. ಟೈರಿನ ಮೇಲೆ ಅಗಲ ಮಿಲಿಮೀಟರಿನಲ್ಲಿ, ರಿಮ್ಮಿನ ವ್ಯಾಸ ಇಂಚಿನಲ್ಲಿ ಅಚ್ಚಾಗಿರುತ್ತದೆ.

ಕೇಟರ್ ಮಾದರಿಯ ಲೋಲಕಗಳು ಮತ್ತೆ ಭಾರತಕ್ಕೂ ಬಂದವು. 1865ರಿಂದ 1871ರವರೆಗೆ ಸೇನಾಧಿಕಾರಿ ಬಸೇವಿ, ರಾಯಲ್ ಸೊಸೈಟಿಯಿಂದ ಎರವಲು ತಂದ ಲೋಲಕಗಳಿಂದ ದೇಶದ ಹಲವೆಡೆ ಗುರುತ್ವವನ್ನು ಅಳೆದರು. ಬೆಂಗಳೂರು, ಮಂಗಳೂರುಗಳೂ ಆ ತಾಣಗಳಲ್ಲಿದ್ದವು. ಎರಡು ಚೂರಿಯಂಚುಗಳ ಆ ಹಿತ್ತಾಳೆಯ ದಂಡವನ್ನು ಭೌತಶಾಸ್ತ್ರದ ಪದವಿ ವಿದ್ಯಾರ್ಥಿಗಳು ಈಗಲೂ ಪ್ರಯೋಗಶಾಲೆಯಲ್ಲಿ ತೂಗಿಸುತ್ತಾರೆ.