ಗ್ರಂಥಾಲಯ ಪಿತಾಮಹ ರಂಗನಾಥನ್

ಪುಸ್ತಕಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ ಕಾಯುವುದೇ ಗ್ರಂಥಪಾಲಕನ ಕರ್ತವ್ಯವೆಂದು ಜನರು ನಂಬಿದ್ದ ಕಾಲವೊಂದಿತ್ತು. ಆ ನಂಬಿಕೆಯನ್ನು ತೊಡೆದುಹಾಕಿ, ಗ್ರಂಥಪಾಲಕನನ್ನು ಓದುಗರ ಮಾರ್ಗದರ್ಶಕನ ಸ್ಥಾನಕ್ಕೇರಿಸಿದ ಮಹನೀಯರು ಡಾ. ಶಿಯಾಳಿ ರಾಮಾಮೃತ ರಂಗನಾಥನ್.

1892ರಲ್ಲಿ ತಂಜಾವೂರು ಸೀಮೆಯಲ್ಲಿ ಜನಿಸಿದ ರಂಗನಾಥನ್ ಅವರಿಗೆ ವಿದ್ಯಾರ್ಥಿದೆಸೆಯಲ್ಲಿ ಮಾತು ಉಗ್ಗುತ್ತಿತ್ತು. ಛಲದಿಂದ ಆ ತೊಡಕನ್ನು ಗೆದ್ದು ಅವರು ಗಣಿತದ ಅಧ್ಯಾಪಕರಾದರು. 1917ರಲ್ಲಿ ಮಂಗಳೂರಿನ ಸರಕಾರಿ ಕಾಲೇಜನ್ನು ಸೇರಿದರು. ಮುಂದೆ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಬೋಧಿಸಿದರು.

1924ರಲ್ಲಿ ಅವರು ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾಗಿ ನೇಮಕಗೊಂಡರು. ಆದರೆ ವಿದ್ಯಾರ್ಥಿಗಳ ಕಲರವವಿಲ್ಲದ ಆ ಮೌನ ಅವರಿಗೆ ಸಹಿಸಲಸಾಧ್ಯವಾಯಿತು. ಬೋಧನೆಗೆ ಮರಳಲು ಅವರು ಹಾತೊರೆದರು. ಗ್ರಂಥಾಲಯಗಳ ಅಧ್ಯಯನಕ್ಕಾಗಿ ಇಂಗ್ಲೆಂಡಿಗೆ ಹೋದಾಗ ಅವರ ಮನಸ್ಸು ಬದಲಾಯಿತು. ಅಲ್ಲಿ ಮಕ್ಕಳು, ಕಾರ್ಮಿಕರು, ಗೃಹಿಣಿಯರು ಎಲ್ಲರೂ ಪುಸ್ತಕಗಳನ್ನು ಪಡೆದು ಓದುವುದನ್ನು ಅವರು ಕಂಡರು. ಗ್ರಂಥಾಲಯವೂ ಒಂದು ಪಾಠಶಾಲೆಯೇ ಎಂಬ ಅರಿವು ಅವರಲ್ಲಿ ಮೂಡಿತು.

1925ರಲ್ಲಿ ಹಿಂತಿರುಗಿದ ಮೇಲೆ ಅವರ ದುಡಿಮೆಗೆ ಬಿಡುವೇ ಇರಲಿಲ್ಲ. ಓದುಗರು ತಾವೇ ಕಪಾಟುಗಳ ಬಳಿಗೆ ಹೋಗಿ ಪುಸ್ತಕಗಳನ್ನು ಆರಿಸಿಕೊಳ್ಳುವ ವ್ಯವಸ್ಥೆಯನ್ನು ಅವರು ತಂದರು. ಗ್ರಂಥಾಲಯ ತೆರೆದಿರುವ ವೇಳೆಯನ್ನು ಹೆಚ್ಚಿಸಿದರು. 1928ರಲ್ಲಿ ಮದರಾಸು ಗ್ರಂಥಾಲಯ ಸಂಘದ ಸ್ಥಾಪನೆಗೆ ಕಾರಣರಾದರು. ಮರುವರ್ಷ ಆ ಸಂಘವು ತರಬೇತಿ ಶಾಲೆಯನ್ನು ತೆರೆದಾಗ ಶಿಕ್ಷಕರೂ ಅಲ್ಲಿ ಗ್ರಂಥಾಲಯ ನಿರ್ವಹಣೆಯನ್ನು ಕಲಿತರು. ತಾನೊಬ್ಬನೇ ಮುಂದೆ ನಡೆಯದೆ, ಹಲವರನ್ನು ಸಿದ್ಧಗೊಳಿಸಿ ಜೊತೆಯಲ್ಲಿ ಕರೆದೊಯ್ಯುವುದೇ ಅವರ ನಾಯಕತ್ವದ ರೀತಿಯಾಗಿತ್ತು.

1931ರಲ್ಲಿ ಪ್ರಕಟವಾದ ಗ್ರಂಥವೊಂದರಲ್ಲಿ ಅವರು ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳನ್ನು ವಿವರಿಸಿದರು. ಪುಸ್ತಕವಿರುವುದು ಬಳಕೆಗಾಗಿ, ಓದುಗನ ಕಾಲ ವ್ಯರ್ಥವಾಗಬಾರದು, ಗ್ರಂಥಾಲಯವು ಸದಾ ಬೆಳೆಯಬೇಕು ಎಂಬುದು ಅವುಗಳಲ್ಲಿ ಕೆಲವುಗಳ ಸಾರ. 1933ರಲ್ಲಿ ಪುಸ್ತಕಗಳನ್ನು ವಿಷಯವಾರು ವರ್ಗೀಕರಿಸುವ ಕೋಲನ್ ಪದ್ಧತಿಯನ್ನು ಪ್ರಕಟಿಸಿ ವಿಶ್ವಖ್ಯಾತರಾದರು. ಶಾಲಾ ಗ್ರಂಥಾಲಯಗಳನ್ನು ಕುರಿತೂ ಅವರು ಗ್ರಂಥ ರಚಿಸಿದರು.

ತಮ್ಮ ಉಳಿತಾಯದ ಒಂದು ಲಕ್ಷ ರೂಪಾಯಿಗಳನ್ನು ಗ್ರಂಥಾಲಯ ವಿಜ್ಞಾನದ ಬೋಧನೆಗಾಗಿ ಪತ್ನಿ ಶಾರದಾ ಅವರ ಹೆಸರಿನಲ್ಲಿ ಮದರಾಸು ವಿಶ್ವವಿದ್ಯಾನಿಲಯಕ್ಕೆ ದಾನವಿತ್ತ ರಂಗನಾಥನ್, ಬಾಳಿನ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದರು. 1962ರಲ್ಲಿ ಅಲ್ಲಿ ಗ್ರಂಥಾಲಯ ವಿಜ್ಞಾನದ ಸಂಶೋಧನೆ ಹಾಗೂ ತರಬೇತಿಯ ಕೇಂದ್ರವನ್ನು ಆರಂಭಿಸಿದರು. 1957ರಲ್ಲಿ ಪದ್ಮಶ್ರೀ, 1965ರಲ್ಲಿ ರಾಷ್ಟ್ರೀಯ ಪ್ರಾಧ್ಯಾಪಕ ಪದವಿ ಅವರಿಗೆ ಲಭಿಸಿದವು. 1972ರ ಸೆಪ್ಟೆಂಬರ್ 27ರಂದು ಅವರು ನಿಧನರಾದರು. ಅವರ ಜನ್ಮದಿನಾಚರಣೆಯ ದಿನವಾದ ಆಗಸ್ಟ್ 12ನ್ನು ಭಾರತದಲ್ಲಿ ಗ್ರಂಥಪಾಲಕರ ದಿನವೆಂದು ಆಚರಿಸಲಾಗುತ್ತದೆ.

1965ರಲ್ಲಿ ನಮ್ಮ ರಾಜ್ಯದಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ ರೂಪುಗೊಂಡಿತು. ಗ್ರಂಥಾಲಯ ಸೇವೆಯನ್ನು ರಾಜಧಾನಿಯಿಂದ ದೂರದ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳಂತಹ ಊರುಗಳಿಗೂ ಒಯ್ಯುವ ಹೊಣೆಯನ್ನು ಅದು ಸರಕಾರಕ್ಕೆ ವಹಿಸಿತು. ಆದರೆ ಕಾಯಿದೆಯಿಂದಷ್ಟೇ ಓದುಗರು ಹುಟ್ಟುವುದಿಲ್ಲ. ಶಾಲೆಯ ಕಪಾಟಿನ ಬೀಗ ತೆಗೆದು, ತಕ್ಕ ಪುಸ್ತಕವನ್ನು ತಕ್ಕ ಬಾಲಕನ, ಬಾಲಕಿಯ ಕೈಗಿಡುವವರು ಬೇಕು. ಅಂತಹ ಪ್ರತಿಯೊಬ್ಬರ ಸೇವೆಯಲ್ಲಿಯೂ ರಂಗನಾಥನ್ ಅವರ ಬದುಕು ಮುಂದುವರಿಯುತ್ತದೆ.